ಫಲಕದಲ್ಲಿ ಎಲ್ಲವೂ ಮಿತಿಯೊಳಗೆ, ಊರಿನಲ್ಲಿ ಮೂಗು ಮುಚ್ಚಿಕೊಂಡ ಜನ

ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಲ ಕೈಗಾರಿಕಾ ಪ್ರದೇಶದ ಸುತ್ತಲಿನ ಊರುಗಳಿಂದ ದುರ್ವಾಸನೆಯ ದೂರು ಬರುವುದು ಈಗ ಹೊಸ ಸುದ್ದಿಯಲ್ಲ. ಬೀದರ್ ಪಕ್ಕದ ಕೊಳಾರ ಮತ್ತು ಹುಮನಾಬಾದ್ ಕೈಗಾರಿಕಾ ಪ್ರದೇಶಗಳ ಸುತ್ತಲೂ ಅದೇ ದೂರು. ಅಲ್ಲಿ ವಾಸನೆಯ ಜೊತೆಗೆ ಕೊಳವೆಬಾವಿ ನೀರಿನ ಮಾತೂ ಸೇರಿಕೊಳ್ಳುತ್ತದೆ. ಮನವಿ ಪತ್ರ, ಪ್ರತಿಭಟನೆ, ಅಧಿಕಾರಿಗಳ ಭೇಟಿ ಎಲ್ಲ ಮುಗಿದ ಮೇಲೆ ಕಾರ್ಖಾನೆಗಳ ಕಡೆಯಿಂದ ಬರುವ ಉತ್ತರವೂ ಹಳೆಯದೇ: ಆನ್‌ಲೈನ್ ನಿಗಾ ವ್ಯವಸ್ಥೆ ಅಳವಡಿಸಿದ್ದೇವೆ, ಅಂಕಿಗಳು ಮಿತಿಯೊಳಗಿವೆ, ಗೇಟಿನ ಫಲಕದಲ್ಲಿ ನೀವೇ ನೋಡಬಹುದು.

ಫಲಕ ನೋಡಿದರೆ ನಿಜವಾಗಿಯೂ ಹಾಗೆಯೇ ಇರುತ್ತದೆ. ಕೆಂಪು ಅಕ್ಷರಗಳಲ್ಲಿ ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ), ಸಿಒಡಿ, ಬಿಒಡಿ (ಎರಡೂ ನೀರಿನ ಸಾವಯವ ಕೊಳೆಯ ಅಳತೆ), ಟಿಎಸ್‌ಎಸ್ (ನೀರಿನಲ್ಲಿ ಕರಗದೆ ತೇಲುವ ಕಣಗಳ ಅಳತೆ) ಎಂಬ ಸಾಲುಗಳು, ಪಕ್ಕದಲ್ಲಿ ಸಭ್ಯ ಅಂಕಿಗಳು. ಹಾಗಾದರೆ ಯಂತ್ರ ಸುಳ್ಳು ಹೇಳುತ್ತಿದೆಯೇ, ಜನ ಸುಳ್ಳು ಹೇಳುತ್ತಿದ್ದಾರೆಯೇ? ಸುದ್ದಿ ಓದಿದವರಿಗೆ ಗೊಂದಲವಾಗುವುದು ಇಲ್ಲಿಯೇ. ಇಬ್ಬರೂ ನಿಜ ಹೇಳುತ್ತಿರಬಹುದು ಎಂಬುದು ಮೊದಲು ಗಮನಿಸಬೇಕಾದ ಸಂಗತಿ. ಫಲಕ ಹೇಳುವುದು ಒಂದು ಕೊಳವೆಯ ಬಾಯಲ್ಲಿ, ಒಂದು ಬಗೆಯ ಸೆನ್ಸರಿಗೆ ಕಾಣುವಷ್ಟು ವಿಷಯವನ್ನು ಮಾತ್ರ. ಊರಿನವರ ಪ್ರಶ್ನೆ ಇಡೀ ಕಾರ್ಖಾನೆಯ ಬಗ್ಗೆ.

ಫಲಕ ಬಂದದ್ದು ಹೇಗೆ

2014ರ ಫೆಬ್ರವರಿ 5ರಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಎಲ್ಲ ರಾಜ್ಯ ಮಂಡಳಿಗಳಿಗೆ ಒಂದು ನಿರ್ದೇಶನ ಕಳುಹಿಸಿತು. ಅತಿ ಮಾಲಿನ್ಯಕಾರಿ ಎಂದು ಗುರುತಿಸಿದ 17 ವರ್ಗದ ಕೈಗಾರಿಕೆಗಳು ಮತ್ತು ಸಾಮೂಹಿಕ ತ್ಯಾಜ್ಯ ಸಂಸ್ಕರಣಾ ಘಟಕಗಳು ತಮ್ಮ ಹೊಗೆ ಮತ್ತು ತ್ಯಾಜ್ಯನೀರನ್ನು ದಿನದ 24 ಗಂಟೆಯೂ ಅಳೆಯುವ ಉಪಕರಣ ಕೂರಿಸಿ, ಅಂಕಿಗಳನ್ನು ನೇರವಾಗಿ ಮಂಡಳಿಯ ಸರ್ವರ್‌ಗೆ ಕಳುಹಿಸಬೇಕು ಎಂಬುದು ಅದರ ಸಾರ. ಸಿಮೆಂಟ್, ಸಕ್ಕರೆ, ಡಿಸ್ಟಿಲರಿ, ಔಷಧ, ಕೀಟನಾಶಕ ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದರೆ ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಸಿಮೆಂಟ್ ಕಾರ್ಖಾನೆಗಳಿಂದ ಹಿಡಿದು ಆಳಂದ, ಅಫಜಲಪುರ, ಭಾಲ್ಕಿ ಕಡೆಯ ಸಕ್ಕರೆ ಕಾರ್ಖಾನೆಗಳವರೆಗೆ, ಕಡೇಚೂರು ಮತ್ತು ಕೊಳಾರದ ಔಷಧ ಘಟಕಗಳವರೆಗೆ ಕಲಬುರಗಿ, ಬೀದರ್, ಯಾದಗಿರಿ ಈ ನಮ್ಮ ಮೂರು ಜಿಲ್ಲೆಗಳ ದೊಡ್ಡ ಕೈಗಾರಿಕೆಗಳ ಬಹುಪಾಲು ಅದರ ವ್ಯಾಪ್ತಿಗೆ ಬಂತು.

2017ರ ಫೆಬ್ರವರಿ 22ರಂದು ಸುಪ್ರೀಂ ಕೋರ್ಟ್ ಪರ್ಯಾವರಣ ಸುರಕ್ಷಾ ಸಮಿತಿ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ತ್ಯಾಜ್ಯನೀರಿನ ಸಂಸ್ಕರಣಾ ಘಟಕ ಕೆಲಸ ಮಾಡುವ ಸ್ಥಿತಿಯಲ್ಲಿ ಇಲ್ಲದ ಕಾರ್ಖಾನೆ ನಡೆಯಕೂಡದು, ಆನ್‌ಲೈನ್ ಅಂಕಿಗಳು ರಾಜ್ಯ ಮಂಡಳಿಯ ಪೋರ್ಟಲ್‌ನಲ್ಲಿ ಸಾರ್ವಜನಿಕರಿಗೆ ಕಾಣಬೇಕು ಎಂದಿತು. ಉದ್ದೇಶದಲ್ಲಿ ತಪ್ಪಿಲ್ಲ. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಅಧಿಕಾರಿ ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಹೋಗುವ ಪದ್ಧತಿಯಲ್ಲಿ, ಅವರು ಬರುವ ಸುದ್ದಿ ಅವರಿಗಿಂತ ಮೊದಲೇ ಕಾರ್ಖಾನೆ ತಲುಪುತ್ತಿತ್ತು. ಯಂತ್ರಕ್ಕೆ ರಜೆಯಿಲ್ಲ, ಮುಲಾಜಿಲ್ಲ ಎಂಬ ನಂಬಿಕೆಯಿಂದ ಈ ವ್ಯವಸ್ಥೆ ಬಂತು. ಯಂತ್ರಕ್ಕೆ ಮುಲಾಜಿಲ್ಲ ಎಂಬುದು ನಿಜ. ಆದರೆ ಅದಕ್ಕೆ ಕಣ್ಣು ಎಷ್ಟು ಚುರುಕು ಎಂದು ಆಗ ಯಾರೂ ಹೆಚ್ಚು ಕೇಳಲಿಲ್ಲ.

ಬಾಟಲಿಯಲ್ಲಿ ಎರಡು ಗಂಟೆ, ಬೆಳಕಿನಲ್ಲಿ ಕ್ಷಣ

ಫಲಕದ ಮುಖ್ಯ ಅಂಕಿ ಸಿಒಡಿ. ನೀರಿನಲ್ಲಿ ಕರಗಿರುವ ಸಾವಯವ ಪದಾರ್ಥವನ್ನು ರಾಸಾಯನಿಕವಾಗಿ ಪೂರ್ತಿ ಸುಡಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಪ್ರಯೋಗಾಲಯದಲ್ಲಿ ನೀರಿನ ಮಾದರಿಗೆ ಪೊಟ್ಯಾಶಿಯಂ ಡೈಕ್ರೋಮೇಟ್ ಮತ್ತು ಸಲ್ಫ್ಯೂರಿಕ್ ಆಮ್ಲ ಬೆರೆಸಿ, ಸುಮಾರು 150 ಡಿಗ್ರಿಯಲ್ಲಿ ಎರಡು ಗಂಟೆ ಕುದಿಸಿ ಇದನ್ನು ಕಂಡುಹಿಡಿಯುತ್ತಾರೆ. ಬಿಒಡಿ ಅದರ ಜೈವಿಕ ರೂಪ: ಅದೇ ಪದಾರ್ಥವನ್ನು ಬ್ಯಾಕ್ಟೀರಿಯಾಗಳು ತಿನ್ನುವಾಗ ಬಳಸುವ ಆಮ್ಲಜನಕ. ನಮ್ಮ ದೇಶದ ಪದ್ಧತಿಯಲ್ಲಿ ಅದಕ್ಕೆ 27 ಡಿಗ್ರಿಯಲ್ಲಿ ಮೂರು ದಿನ ಕಾಯಬೇಕು. ಹೊಳೆ, ಹಳ್ಳಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರ್‌ಗೆ 250 ಮಿಲಿಗ್ರಾಂ ಸಿಒಡಿ, 30 ಮಿಲಿಗ್ರಾಂ ಬಿಒಡಿ.

ಮೂರು ದಿನ ಹಿಡಿಯುವ ಪರೀಕ್ಷೆಯ ಫಲಿತಾಂಶವನ್ನು 15 ನಿಮಿಷಕ್ಕೊಮ್ಮೆ ಕಳುಹಿಸುವುದು ಹೇಗೆ? ಉತ್ತರ ಸರಳ: ಕಳುಹಿಸುವುದಿಲ್ಲ, ಅಂದಾಜು ಮಾಡಿ ಕಳುಹಿಸುತ್ತಾರೆ. ಬಳಕೆಯಲ್ಲಿರುವ ಸೆನ್ಸರ್‌ಗಳಲ್ಲಿ ಬಹಳಷ್ಟು ನೀರಿನೊಳಗೆ ನೇರಳಾತೀತ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ಹೀರಿಕೆಯಾಯಿತು ಎಂದು ನೋಡುತ್ತವೆ. 254 ನ್ಯಾನೋಮೀಟರ್ ಅಲೆಯುದ್ದದ ಸುತ್ತಲಿನ ಬೆಳಕನ್ನು ಹಲವು ಸಾವಯವ ಪದಾರ್ಥಗಳು ಹೀರಿಕೊಳ್ಳುತ್ತವೆ. ಆ ಕಾರ್ಖಾನೆಯ ನೀರಿನ ಹಲವು ಮಾದರಿಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಇಷ್ಟು ಹೀರಿಕೆಗೆ ಇಷ್ಟು ಸಿಒಡಿ ಎಂಬ ಸಂಬಂಧವನ್ನು ಮೊದಲೇ ಸಾಫ್ಟ್‌ವೇರ್‌ಗೆ ತಿಳಿಸಿರುತ್ತಾರೆ. ಆಮೇಲೆ ಯಂತ್ರ ನೋಡುವುದು ಬೆಳಕನ್ನು, ಹೇಳುವುದು ಸಿಒಡಿಯನ್ನು.

ಇಲ್ಲಿ ಒಂದು ದೊಡ್ಡ ಕಿಂಡಿ ಇದೆ. ಬೆಂಜೀನ್ ಬಳೆಯಂಥ ರಚನೆಯುಳ್ಳ ಪದಾರ್ಥಗಳು ಈ ಬೆಳಕಿಗೆ ಚೆನ್ನಾಗಿ ಕಾಣುತ್ತವೆ. ಮೆಥನಾಲ್, ಎಥನಾಲ್, ಅಸಿಟಿಕ್ ಆಮ್ಲ, ಸಕ್ಕರೆ ಮಾತ್ರ ಬಹುತೇಕ ಕಾಣುವುದೇ ಇಲ್ಲ. ಔಷಧ ಕಾರ್ಖಾನೆಯಲ್ಲಿ ಅತಿ ಹೆಚ್ಚು ಬಳಕೆಯಾಗುವ ದ್ರಾವಕಗಳಲ್ಲಿ ಮೆಥನಾಲ್ ಒಂದು. ಸಕ್ಕರೆ ಕಾರ್ಖಾನೆಯ ನೀರಿನಲ್ಲಿ ಏನಿರುತ್ತದೆ ಎಂದು ಹೇಳಬೇಕಾಗಿಲ್ಲ. ಲೆಕ್ಕ ನೋಡಿ. ಒಂದು ಗ್ರಾಂ ಮೆಥನಾಲ್ ಪೂರ್ತಿ ಸುಡಲು ಒಂದೂವರೆ ಗ್ರಾಂ ಆಮ್ಲಜನಕ ಬೇಕು. ಲೀಟರ್ ನೀರಿನಲ್ಲಿ 200 ಮಿಲಿಗ್ರಾಂ ಮೆಥನಾಲ್ ಇದ್ದರೆ ಅದೊಂದರಿಂದಲೇ ಸಿಒಡಿ 300 ಆಯಿತು, ಮಿತಿ ದಾಟಿತು. ಬೆಳಕಿನ ಸೆನ್ಸರಿಗೆ ಅದು ಹೆಚ್ಚುಕಡಿಮೆ ಸ್ವಚ್ಛ ನೀರು. ಯಾರೂ ಮೋಸ ಮಾಡಿಲ್ಲ, ಯಂತ್ರ ಕೆಟ್ಟಿಲ್ಲ, ಫಲಕದ ಅಂಕಿಯೂ ಸುಳ್ಳಾಗಿ ಬರೆದದ್ದಲ್ಲ. ಆದರೂ ಮಿತಿ ಮೀರಿದ ನೀರು ಹೊರಗೆ ಹೋಯಿತು.

ಡೈಕ್ರೋಮೇಟ್ ಪರೀಕ್ಷೆಯನ್ನೇ ತಾನಾಗಿ ಮಾಡುವ ಯಂತ್ರಗಳು, ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲವನ್ನು ಸುಟ್ಟು ಅಳೆಯುವ ಯಂತ್ರಗಳೂ ಇವೆ. ಅವು ಮೆಥನಾಲನ್ನು ಬಿಡುವುದಿಲ್ಲ. ಬೆಲೆ ಹೆಚ್ಚು, ನಿರ್ವಹಣೆಯ ರಗಳೆ ಹೆಚ್ಚು. ಯಾವ ಕಾರ್ಖಾನೆಯ ನೀರಿಗೆ ಯಾವ ಬಗೆಯ ಯಂತ್ರ ಸೂಕ್ತ ಎಂದು ಕೇಳುವ ಬದಲು, ಯಂತ್ರ ಕೂರಿಸಿದ್ದಾರೆಯೇ ಇಲ್ಲವೇ ಎಂದು ಮಾತ್ರ ಕೇಳಿದರೆ ಅಗ್ಗದ್ದೇ ಬರುತ್ತದೆ.

ತೀರ ನೇರವಾದ ಗೆರೆ

ಪಿಎಚ್ ಅಳೆಯುವ ಕಡ್ಡಿಯನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಅದರ ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ತೆಳು ಗಾಜಿನ ಗುಳ್ಳೆ ಇರುತ್ತದೆ. ಅಳತೆಯೆಲ್ಲ ನಡೆಯುವುದು ಆ ಗಾಜಿನ ಮೈಮೇಲೆ. ತ್ಯಾಜ್ಯನೀರಿನಲ್ಲಿ ಇಟ್ಟ ಕೆಲವು ದಿನಗಳಲ್ಲಿ ಅದರ ಮೇಲೆ ಜಿಡ್ಡು, ಲೋಳೆ, ಉಪ್ಪಿನ ಪೊರೆ ಕೂರುತ್ತದೆ. ಕಡ್ಡಿ ಆಗಲೂ ಅಂಕಿ ತೋರಿಸುತ್ತದೆ, ಆದರೆ ನಿಧಾನವಾಗಿ ದಾರಿ ತಪ್ಪುತ್ತಾ ಹೋಗುತ್ತದೆ. ತೆಗೆದು ತೊಳೆದು, 4, 7, 10 ಪಿಎಚ್‌ನ ಪ್ರಮಾಣ ದ್ರಾವಣಗಳಲ್ಲಿ ಅದ್ದಿ ಮತ್ತೆ ಸರಿಹೊಂದಿಸಬೇಕು. ಬೆಳಕಿನ ಸೆನ್ಸರ್‌ನ ಗಾಜಿನ ಕಿಟಕಿಗೂ ಇದೇ ಗತಿ. ಈ ಕೆಲಸಕ್ಕೆ ವಾರ್ಷಿಕ ನಿರ್ವಹಣೆಯ ಗುತ್ತಿಗೆ ಪಡೆದವರ ತಂತ್ರಜ್ಞ ಇರುವುದು ಹೈದರಾಬಾದ್‌ನಲ್ಲೋ ಬೆಂಗಳೂರಿನಲ್ಲೋ ಆದರೆ, ಸೈದಾಪುರದ ಆಚೆಗಿನ ಕಾರ್ಖಾನೆಯ ಕಡ್ಡಿ ಎಷ್ಟು ದಿನಕ್ಕೊಮ್ಮೆ ತೊಳೆದುಕೊಳ್ಳುತ್ತದೆ ಎಂದು ಊಹಿಸಬಹುದು.

ಮೋಸವೂ ಇಲ್ಲವೆಂದಲ್ಲ. ದೇಶದಾದ್ಯಂತ ಈ ಕ್ಷೇತ್ರದವರಿಗೆ ಗೊತ್ತಿರುವ ಕೆಲವು ಉಪಾಯಗಳಿವೆ. ಸೆನ್ಸರನ್ನು ಸ್ವಚ್ಛ ನೀರಿನ ಬಕೆಟ್ಟಿನಲ್ಲಿ ಇಳಿಬಿಡುವುದು ಹಳ್ಳಿಯ ಹುಡುಗನಿಗೂ ಹೊಳೆಯುವಂಥದ್ದು. ಯಂತ್ರದ ಗರಿಷ್ಠ ಮಟ್ಟವನ್ನೇ ಮಿತಿಗಿಂತ ಸ್ವಲ್ಪ ಕೆಳಗೆ ಹೊಂದಿಸಿಟ್ಟರೆ, ಸಿಒಡಿ 2,000 ಇದ್ದರೂ ಅದು 240ರ ಮೇಲೆ ಹೇಳಲಾರದು. ಇದು ಸ್ವಲ್ಪ ಓದಿಕೊಂಡವರ ಉಪಾಯ. ಆದರೆ ಇಂಥ ಮೋಸ ಅಂಕಿಗಳಲ್ಲಿಯೇ ಸಿಕ್ಕಿಬೀಳುತ್ತದೆ. ನಿಜವಾದ ತ್ಯಾಜ್ಯನೀರಿನ ಅಂಕಿ ಎಂದೂ ಸುಮ್ಮನೆ ಕೂರುವುದಿಲ್ಲ. ಬೆಳಗಿನ ಪಾಳಿ ಬದಲಾದಾಗ, ಟ್ಯಾಂಕ್ ತೊಳೆದಾಗ, ಮಳೆ ಬಂದಾಗ ಅದು ಏರಿಳಿಯಲೇಬೇಕು. ವಾರವಿಡೀ ಗೆರೆ ಎಳೆದಂತೆ ನೇರವಾಗಿದ್ದರೆ, ಕಾರ್ಖಾನೆಯ ಉತ್ಪಾದನೆ ಬದಲಾದರೂ ಅದು ಅಲುಗದಿದ್ದರೆ, ಸಂಶಯಪಡಬೇಕಾದದ್ದು ಆಗಲೇ. ವಿಪರ್ಯಾಸವೆಂದರೆ ಮಿತಿ ದಾಟಿದರೆ ಮಾತ್ರ ಎಸ್‌ಎಂಎಸ್ ಎಚ್ಚರಿಕೆ ಕಳುಹಿಸುವ ವ್ಯವಸ್ಥೆಗೆ ಈ ನೇರ ಗೆರೆಯೇ ಅತ್ಯಂತ ಒಳ್ಳೆಯ ವಿದ್ಯಾರ್ಥಿ.

ನೋಡುವುದು ಬೇರೆ, ನಡೆಸುವುದು ಬೇರೆ

ಇಡೀ ಚರ್ಚೆಯಲ್ಲಿ ಅತಿ ಕಡಿಮೆ ಮಾತು ಬಂದಿರುವ ವಿಷಯ ಇದು. ನಿಗಾ ಬೇರೆ, ನಿಯಂತ್ರಣ ಬೇರೆ. ಕೊಳವೆಯ ಕೊನೆಯಲ್ಲಿ ಅಂಕಿ ನೋಡುವುದೆಂದರೆ ರೊಟ್ಟಿ ಕರಕಾದ ಮೇಲೆ ಹಂಚು ಹೆಚ್ಚು ಕಾದಿತ್ತು ಎಂದು ತಿಳಿದಂತೆ.

ಕಾರ್ಖಾನೆಯೊಳಗೆ ಹೀಗೆ ನಡೆಯುವುದಿಲ್ಲ. ಎಥೆನಾಲ್ ಘಟಕದ ಬಟ್ಟಿ ಇಳಿಸುವ ಗೋಪುರವನ್ನೇ ತೆಗೆದುಕೊಳ್ಳಿ. ಒಳಗೆ ಒಂದರ ಮೇಲೊಂದು ತಟ್ಟೆಗಳು, ಕೆಳಗಿನಿಂದ ಏರುವ ಆವಿ, ಮೇಲಿನಿಂದ ಇಳಿಯುವ ದ್ರವ. ಎಥೆನಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಪ್ರತಿ ತಟ್ಟೆಯಲ್ಲೂ ಎಥೆನಾಲ್ ಎಷ್ಟಿದೆ ಎಂದು ಕ್ಷಣಕ್ಷಣಕ್ಕೆ ಪರೀಕ್ಷಿಸುವುದು ಆಗದ ಮಾತು. ಆದರೆ ತಟ್ಟೆಯ ಉಷ್ಣತೆ ಹೇಳಿದರೆ ಸಾಕು, ಅದರ ಮೇಲಿನ ಮಿಶ್ರಣ ಏನೆಂದು ತಿಳಿಯುತ್ತದೆ. ಹಾಗಾಗಿ ಆಯ್ದ ಒಂದೆರಡು ತಟ್ಟೆಗಳಲ್ಲಿ ಉಷ್ಣತಾಮಾಪಕ ಇರುತ್ತದೆ. ಅಲ್ಲಿ ಉಷ್ಣತೆ ಒಂದು ಡಿಗ್ರಿ ಏರಿತೆಂದರೆ ನೀರಿನ ಅಂಶ ಮೇಲೇರುತ್ತಿದೆ ಎಂದರ್ಥ. ಕೂಡಲೇ ಕಂಪ್ಯೂಟರ್ ಆವಿಯ ವಾಲ್ವನ್ನು ಸ್ವಲ್ಪ ಬಿಗಿ ಮಾಡುತ್ತದೆ, ಇಲ್ಲವೇ ಮೇಲಿನಿಂದ ವಾಪಸು ಬಿಡುವ ದ್ರವವನ್ನು ಹೆಚ್ಚಿಸುತ್ತದೆ. ಅಳತೆ, ತೀರ್ಮಾನ, ಕ್ರಿಯೆ ಮೂರೂ ಒಂದೇ ಸುತ್ತಿನಲ್ಲಿ. ಸುಮಾರು 96 ಪ್ರತಿಶತದ ಹತ್ತಿರ ಬಟ್ಟಿ ಇಳಿಸುವಿಕೆ ನಿಂತುಹೋಗುತ್ತದೆ, ಅಲ್ಲಿಂದ ಮುಂದೆ ಜಿಯೋಲೈಟ್ ಎಂಬ ಸೂಕ್ಷ್ಮ ರಂಧ್ರಗಳ ಖನಿಜದ ಜರಡಿ ನೀರನ್ನು ಹೀರಿಕೊಂಡು ಪೆಟ್ರೋಲಿಗೆ ಬೆರೆಸುವಂಥ ಎಥೆನಾಲ್ ಕೊಡುತ್ತದೆ. ಈ ಹಾದಿಯಲ್ಲಿ ಒಂದು ಡಿಗ್ರಿ ತಪ್ಪಿದರೂ ಲೀಟರ್‌ಗೆ ಇಷ್ಟು ರೂಪಾಯಿ ನಷ್ಟ ಎಂದು ಲೆಕ್ಕವಿರುವುದರಿಂದ ಯಾರೂ ಹೇಳದೆಯೇ ನಿಯಂತ್ರಣ ಚೆನ್ನಾಗಿರುತ್ತದೆ. ಔಷಧ ಉದ್ಯಮದಲ್ಲಿ ಉತ್ಪನ್ನ ತಯಾರಾಗುತ್ತಿರುವಾಗಲೇ ಅಳೆದು ಸರಿಪಡಿಸಬೇಕೆಂಬ ಚಿಂತನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ಗೋಡೆಯ ಇನ್ನೊಂದು ಕಡೆ, ತ್ಯಾಜ್ಯನೀರಿನ ಘಟಕದಲ್ಲಿ, ಇದೇ ಕಾಳಜಿ ಕಾಣುವುದು ಅಪರೂಪ. ಅಲ್ಲಿ ಉತ್ಪನ್ನವೆಂದರೆ ಸ್ವಚ್ಛ ನೀರು, ಅದನ್ನು ಯಾರೂ ಕೊಳ್ಳುವುದಿಲ್ಲ.

ಆದರೆ ಅಲ್ಲಿನ ಕೆಲಸ ಗೋಪುರಕ್ಕಿಂತ ಸೂಕ್ಷ್ಮ. ಔಷಧ ಘಟಕದ ತ್ಯಾಜ್ಯನೀರು ಸಾಮಾನ್ಯವಾಗಿ ಮೊದಲು ಸ್ಟ್ರಿಪರ್ ಎಂಬ ಗೋಪುರಕ್ಕೆ ಹೋಗುತ್ತದೆ. ಅಲ್ಲಿ ಆವಿ ಹಾಯಿಸಿ ದ್ರಾವಕಗಳನ್ನು ಬೇರ್ಪಡಿಸುತ್ತಾರೆ. ನಂತರ ಬಹುಹಂತದ ಬಾಷ್ಪೀಕರಣ ಯಂತ್ರ ನೀರನ್ನು ಆವಿ ಮಾಡಿ ಉಪ್ಪನ್ನು ಉಳಿಸುತ್ತದೆ. ಆ ಆವಿ ತಣಿದು ಬಂದ ನೀರು ಬ್ಯಾಕ್ಟೀರಿಯಾಗಳಿರುವ ಗಾಳಿಯೂಡಿಸುವ ತೊಟ್ಟಿಗೆ ಹೋಗುತ್ತದೆ. ಈಗ ಒಂದು ರಾತ್ರಿ ಬಾಯ್ಲರಿನ ಒತ್ತಡ ಇಳಿಯಿತು ಎಂದುಕೊಳ್ಳಿ. ಸ್ಟ್ರಿಪರಿಗೆ ಆವಿ ಸಾಲದೆ ಮೆಥನಾಲ್ ಪೂರ್ತಿ ಬಿಟ್ಟುಹೋಗುವುದಿಲ್ಲ. ಅದು ಬಾಷ್ಪೀಕರಣ ಯಂತ್ರದಲ್ಲಿ ನೀರಿನೊಡನೆ ಆವಿಯಾಗಿ, ನೀರಿನೊಡನೆ ತಣಿದು, ತೊಟ್ಟಿಗೆ ಬಂದು ಬೀಳುತ್ತದೆ. ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಗಬಗಬನೆ ತಿನ್ನುತ್ತಾ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಸಾಮಾನ್ಯವಾಗಿ ಲೀಟರ್‌ಗೆ 2 ಮಿಲಿಗ್ರಾಂ ಆಸುಪಾಸಿನಲ್ಲಿರಬೇಕಾದ ಕರಗಿದ ಆಮ್ಲಜನಕ ಸೊನ್ನೆಗೆ ಇಳಿಯುತ್ತದೆ. ಆಮ್ಲಜನಕವಿಲ್ಲದ ಕಡೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆಯುತ್ತವೆ. ಅವು ನೀರಿನಲ್ಲಿರುವ ಸಲ್ಫೇಟನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಕೊಳೆತ ಮೊಟ್ಟೆಯ ವಾಸನೆ ಊರಿನತ್ತ ಹೊರಡುತ್ತದೆ. ಕೊನೆಯ ಕೊಳವೆಯ ಬಾಯಲ್ಲಿ ಸಿಒಡಿ ಇನ್ನೂ ಮೊನ್ನೆಯ ನೀರಿನದೇ ಆಗಿರುತ್ತದೆ, ಏಕೆಂದರೆ ತೊಟ್ಟಿಯಿಂದ ಅಲ್ಲಿಗೆ ನೀರು ತಲುಪಲು ಗಂಟೆಗಳೇ ಬೇಕು, ಕೆಲವೊಮ್ಮೆ ದಿನಗಳು.

ತಪ್ಪಿದ್ದು ಬೇರ್ಪಡಿಸುವ ಗೋಪುರದಲ್ಲಿ, ನರಳಿದ್ದು ಜೀವಾಣು ತೊಟ್ಟಿಯಲ್ಲಿ, ತಿಳಿದದ್ದು ಊರಿನವರ ಮೂಗಿಗೆ. ಫಲಕಕ್ಕೆ ಮೂರೂ ಗೊತ್ತಿಲ್ಲ.

ಸ್ಟ್ರಿಪರಿನ ಉಷ್ಣತೆ ಮತ್ತು ತೊಟ್ಟಿಯ ಕರಗಿದ ಆಮ್ಲಜನಕ, ಈ ಎರಡು ಅಂಕಿಗಳು ಪರದೆಯ ಮೇಲೆ ಇದ್ದಿದ್ದರೆ, ಮೊದಲನೆಯದು ಇಳಿದ ಕೂಡಲೇ ನೀರನ್ನು ಕಾಯ್ದಿರಿಸುವ ಟ್ಯಾಂಕಿಗೆ ತಿರುಗಿಸಬಹುದಿತ್ತು. ಎರಡನೆಯದು ಇಳಿದ ಕೂಡಲೇ ಬ್ಲೋವರ್ ವೇಗ ಹೆಚ್ಚಿಸಬಹುದಿತ್ತು. ಇಲ್ಲಿ ಇನ್ನೊಂದು ಕಟು ಲೆಕ್ಕವೂ ಇದೆ. ಇಂಥ ಜೈವಿಕ ಘಟಕಗಳ ಕರೆಂಟಿನಲ್ಲಿ ಅರ್ಧದಷ್ಟನ್ನು, ಎಷ್ಟೋ ಕಡೆ ಅದಕ್ಕಿಂತ ಹೆಚ್ಚನ್ನು, ಗಾಳಿಯೂಡಿಸುವ ಬ್ಲೋವರೇ ತಿನ್ನುತ್ತದೆ. ಜೆಸ್ಕಾಂ ಬಿಲ್ಲು ಕಡಿಮೆ ಮಾಡಬೇಕೆನ್ನುವ ಮ್ಯಾನೇಜರನ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ. ರಾತ್ರಿ ಎರಡು ಗಂಟೆ ನಿಲ್ಲಿಸಿದರೆ ಯಾರಿಗೆ ಗೊತ್ತಾಗುತ್ತದೆ? ತೊಟ್ಟಿಯೊಳಗಿನ ಆಮ್ಲಜನಕ ಮಾಪಕಕ್ಕೆ ಗೊತ್ತಾಗುತ್ತದೆ. ಅದರ ಅಂಕಿಯನ್ನು ಮಂಡಳಿ ಕೇಳಿದ್ದರೆ.

ಡಿಸ್ಟಿಲರಿಗಳ ಬಯೋಗ್ಯಾಸ್ ಡೈಜೆಸ್ಟರ್‌ನದೂ ಇದೇ ಕಥೆ. ಮಿಥೇನ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಪಿಎಚ್ 7ರ ಆಸುಪಾಸು ಬೇಕು. ಆದರೆ ಪಿಎಚ್ ಇಳಿಯುವವರೆಗೆ ಕಾದರೆ ತಡವಾಯಿತು, ಏಕೆಂದರೆ ನೀರಿನಲ್ಲಿರುವ ಕ್ಷಾರ ಆಮ್ಲವನ್ನು ತುಂಬ ಹೊತ್ತು ಮುಚ್ಚಿಡುತ್ತದೆ. ಹುಳಿ ಆಮ್ಲ ಮತ್ತು ಕ್ಷಾರದ ಅನುಪಾತ ನೋಡಿದರೆ ದಿನಗಳ ಮುಂಚೆಯೇ ಸುಳಿವು ಸಿಗುತ್ತದೆ. ಒಳ್ಳೆಯ ಆಪರೇಟರುಗಳು ಇದನ್ನು ನೋಡುತ್ತಾರೆ. ಕಾನೂನು ನೋಡುವುದಿಲ್ಲ.

ಸೊನ್ನೆ ಎಂಬ ಅಂಕಿ

ಇನ್ನು ಹಲವು ಕಾರ್ಖಾನೆಗಳ ಗೇಟಿನಲ್ಲಿ ಕಾಣುವ ಹೆಮ್ಮೆಯ ಪದ ಶೂನ್ಯ ವಿಸರ್ಜನೆ. ಒಂದು ಹನಿಯೂ ಹೊರಗೆ ಬಿಡುವುದಿಲ್ಲ, ಎಲ್ಲವನ್ನೂ ಒಳಗೇ ಮರುಬಳಕೆ ಮಾಡುತ್ತೇವೆ ಎಂಬ ಅರ್ಥ. ಕೊನೆಯ ಕೊಳವೆಗೆ ಹರಿವಿನ ಮಾಪಕ, ಅದಕ್ಕೊಂದು ಕ್ಯಾಮೆರಾ. ಅಂಕಿ ಸದಾ ಸೊನ್ನೆ. ಆ ಸೊನ್ನೆಯಿಂದ ತಿಳಿಯುವುದು ಆ ಕೊಳವೆಯಲ್ಲಿ ನೀರು ಹೋಗಲಿಲ್ಲ ಎಂಬುದಷ್ಟೇ. ಇನ್ನೊಂದು ಕೊಳವೆ, ಟ್ಯಾಂಕರ್ ಲಾರಿ, ಮಳೆಗಾಲದ ಚರಂಡಿ, ಒಡೆದ ತೊಟ್ಟಿಯ ತಳ ಇವುಗಳಿಗೆ ಮಾಪಕವಿಲ್ಲ.

ಆದರೆ ಸೊನ್ನೆಯನ್ನು ಪರೀಕ್ಷಿಸುವ ದಾರಿ ಇದೆ, ಅದಕ್ಕೆ ಸೆನ್ಸರ್ ಬೇಕಾಗಿಲ್ಲ, ಎಸ್ಸೆಸ್ಸೆಲ್ಸಿ ಗಣಿತ ಸಾಕು. ಉದಾಹರಣೆಗೆ ಒಂದು ಘಟಕ ದಿನಕ್ಕೆ 1 ಲಕ್ಷ ಲೀಟರ್, ಅಂದರೆ 100 ಟನ್ ಉಪ್ಪುನೀರನ್ನು ಆವಿ ಮಾಡುತ್ತೇನೆ ಎಂದು ಹೇಳುತ್ತದೆ ಎಂದುಕೊಳ್ಳಿ. ಒಂದೇ ಹಂತದಲ್ಲಾದರೆ ಒಂದು ಟನ್ ನೀರಿಗೆ ಹೆಚ್ಚುಕಡಿಮೆ ಒಂದು ಟನ್ ಆವಿ ಬೇಕು. ಮೂರು–ನಾಲ್ಕು ಹಂತದ ಯಂತ್ರವಾದರೆ ಒಂದು ಹಂತದ ಶಾಖ ಮುಂದಿನದಕ್ಕೆ ಬಳಕೆಯಾಗಿ ಒಟ್ಟು 30ರಿಂದ 40 ಟನ್ ಆವಿ ಸಾಕಾಗುತ್ತದೆ. ಒಂದು ಟನ್ ಕಲ್ಲಿದ್ದಲು ಐದಾರು ಟನ್ ಆವಿ ಕೊಡುತ್ತದೆ. ಅಂದರೆ ದಿನಕ್ಕೆ ಸುಮಾರು ಆರೇಳು ಟನ್ ಕಲ್ಲಿದ್ದಲು ಬರೀ ಇದಕ್ಕಾಗಿ ಸುಟ್ಟಿರಬೇಕು. ಇನ್ನು ಉಪ್ಪು. ಲೀಟರ್‌ಗೆ 20 ಗ್ರಾಂ ಉಪ್ಪಿದ್ದರೆ, 1 ಲಕ್ಷ ಲೀಟರಿನಿಂದ 2 ಟನ್ ಉಪ್ಪು ಉಳಿಯಲೇಬೇಕು, ದಿನಾಲೂ. ತಿಂಗಳಿಗೆ 60 ಟನ್. ಅಪಾಯಕಾರಿ ತ್ಯಾಜ್ಯದ 2016ರ ನಿಯಮಗಳ ಪ್ರಕಾರ ಅಂಥ ಪ್ರತಿ ಸಾಗಣೆಗೂ ನಮೂನೆ 10ರ ಚೀಟಿ ಇರಬೇಕು.

ಕಲ್ಲಿದ್ದಲಿನ ಖರೀದಿ ರಸೀದಿ, ಕರೆಂಟ್ ಬಿಲ್ಲು, ಉಪ್ಪಿನ ಚೀಟಿ. ಈ ಮೂರೂ ಸೊನ್ನೆಯೊಡನೆ ತಾಳೆಯಾದರೆ ಆ ಕಾರ್ಖಾನೆ ನಿಜ ಹೇಳುತ್ತಿದೆ. ತಿಂಗಳಿಗೆ 60 ಟನ್ ಬರಬೇಕಾದ ಕಡೆ 5 ಟನ್ ಉಪ್ಪು ಹೊರಟಿದ್ದರೆ, ಉಳಿದ 55 ಟನ್ ಎಲ್ಲೋ ಕರಗಿ ಹೋಗಿದೆ. ಉಪ್ಪು ಆವಿಯಾಗುವ ಪದಾರ್ಥವಲ್ಲ.

ಎಲ್ಲಿ ಹೋಗಿರಬಹುದು ಎಂಬುದಕ್ಕೆ ಬೀದರ್‌ನ ನೆಲವೇ ಒಂದು ಸುಳಿವು ಕೊಡುತ್ತದೆ. ಅಲ್ಲಿ ಮೇಲೆ ತೂತು ತೂತಾದ ಕೆಂಪು ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕರಿಕಲ್ಲು. ಮೇಲಿನ ನೀರು ಸರಾಗವಾಗಿ ಇಂಗಿ, ಕರಿಕಲ್ಲಿನ ಮೇಲೆ ಅಡ್ಡಡ್ಡ ಹರಿಯುತ್ತದೆ. ನೌಬಾದ್ ಬಳಿಯ ಕರೇಜ್ ಎಂಬ ಬಹಮನಿ ಕಾಲದ ಸುರಂಗ ಕಾಲುವೆ ಇಂಥ ಅಂತರ್ಜಲವನ್ನು ನಂಬಿಯೇ ಕಟ್ಟಿದ್ದು. ಐನೂರು ವರ್ಷಗಳ ಹಿಂದೆ ಕುಡಿಯುವ ನೀರು ತಂದ ಈ ಗುಣವೇ ಇಂದು ಮೇಲೆ ಚೆಲ್ಲಿದ ಕೊಳಕನ್ನೂ ಕೆಳಗಿಳಿಸಬಲ್ಲದು. ಅಂತರ್ಜಲಕ್ಕೆ ಆನ್‌ಲೈನ್ ಫಲಕವಿಲ್ಲ. ಕಾರ್ಖಾನೆಯ ಸುತ್ತಲಿನ ಕೊಳವೆಬಾವಿಗಳ ಟಿಡಿಎಸ್ ಅನ್ನು, ಅಂದರೆ ನೀರಿನಲ್ಲಿ ಕರಗಿದ ಲವಣಾಂಶವನ್ನು, ವರ್ಷಕ್ಕೆ ನಾಲ್ಕು ಸಲ ಅಳೆದು ಪಂಚಾಯಿತಿಯ ಗೋಡೆಯ ಮೇಲೆ ಬರೆದರೂ ಗೇಟಿನ ಫಲಕಕ್ಕಿಂತ ಹೆಚ್ಚು ಪ್ರಯೋಜನವಾದೀತು.

ವಾಸನೆಗೆ ಅಂಕಿಯಿಲ್ಲ

ಜನರ ಮುಖ್ಯ ದೂರು ವಾಸನೆಯದು. ನಮ್ಮ ಕಾನೂನಿನಲ್ಲಿ ವಾಸನೆಗೆ ಮಿತಿಯೇ ಇಲ್ಲ. ಮಾರ್ಗಸೂಚಿ ಇದೆ, ದಾಟಿದರೆ ದಂಡ ಎನ್ನುವಂಥ ಅಂಕಿಯಿಲ್ಲ. ಮನುಷ್ಯನ ಮೂಗು ಹೈಡ್ರೋಜನ್ ಸಲ್ಫೈಡನ್ನು ನೂರು ಕೋಟಿಯಲ್ಲಿ ಕೆಲವೇ ಭಾಗವಿದ್ದರೂ ಗುರುತಿಸುತ್ತದೆ. ಕಾರ್ಖಾನೆಯೊಳಗೆ ಕಾರ್ಮಿಕರ ರಕ್ಷಣೆಗಾಗಿ ಇಡುವ ಎಚ್ಚರಿಕೆಯ ಗಂಟೆ ಹೊಡೆದುಕೊಳ್ಳುವುದು ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚಾದಾಗ. ಈ ಎರಡರ ನಡುವೆ ಇಡೀ ಊರು ನಿದ್ದೆಗೆಡಬಹುದು, ಯಂತ್ರ ಸುಮ್ಮನಿರಬಹುದು.

ಕಾರ್ಖಾನೆಯವರು ದುರ್ವಾಸನೆಯ ಅನಿಲವನ್ನು ರಾತ್ರಿಯೇ ಬಿಡುತ್ತಾರೆ ಎಂಬ ಊರಿನವರ ಆರೋಪಕ್ಕೆ ಎರಡು ಕಾರಣಗಳಿರಬಹುದು. ನಿಜವಾಗಿಯೂ ರಾತ್ರಿಯೇ ಬಿಡುತ್ತಿರಬಹುದು. ಅಥವಾ ಹಗಲಿನಲ್ಲೂ ಅಷ್ಟೇ ಬಿಡುತ್ತಿದ್ದು, ಬಿಸಿಲಿಗೆ ಕಾದ ಗಾಳಿ ಮೇಲೇರಿ ಅದನ್ನು ಚದುರಿಸುತ್ತಿರಬಹುದು. ಬಯಲುಸೀಮೆಯ ಚಳಿಗಾಲದ ರಾತ್ರಿಯಲ್ಲಿ ನೆಲ ಬೇಗ ತಣಿದು, ತಣ್ಣನೆಯ ಗಾಳಿ ಕೆಳಗೇ ಕೂರುತ್ತದೆ. ಮೇಲೆ ಬೆಚ್ಚಗಿನ ಪದರ ಮುಚ್ಚಳದಂತೆ ನಿಲ್ಲುತ್ತದೆ. ಆಗ ವಾಸನೆ ಹೊಲದ ಮಟ್ಟದಲ್ಲೇ ತೆವಳಿಕೊಂಡು ಊರಿಗೆ ಬರುತ್ತದೆ. ಯಾವುದು ನಿಜ ಎಂದು ತಿಳಿಯಲು ಗಾಳಿಯ ದಿಕ್ಕು, ವೇಗ ಮತ್ತು ಕಾರ್ಖಾನೆಯ ಪಾಳಿಯ ದಾಖಲೆಗಳನ್ನು ದೂರಿನ ಗಂಟೆಯೊಡನೆ ಹೊಂದಿಸಿ ನೋಡಬೇಕು. ದೂರು ಕೊಡುವವರು ತಾರೀಖಿನ ಜೊತೆ ಗಂಟೆಯನ್ನೂ ಬರೆದಿಟ್ಟರೆ ಅದು ತೂಕದ ಸಾಕ್ಷ್ಯವಾಗುತ್ತದೆ.

ಯಾರ ವಾದ ಎಲ್ಲಿ ನಿಲ್ಲುತ್ತದೆ

ಉದ್ಯಮಿಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಸೆನ್ಸರ್ ಕೊಳೆಯಾಗಿ ತಪ್ಪು ಅಂಕಿ ತೋರಿಸಿದರೂ ನೋಟಿಸ್ ಬರುತ್ತದೆ. ಇಂಟರ್‌ನೆಟ್ ಕಡಿದುಹೋದರೂ ವಿವರಣೆ ಕೇಳುತ್ತಾರೆ. ಸಣ್ಣ ಘಟಕಗಳಿಗೆ ಈ ಯಂತ್ರಗಳ ನಿರ್ವಹಣೆಯೇ ಭಾರ. ಕಲ್ಯಾಣ ಕರ್ನಾಟಕದಲ್ಲಿ ಉದ್ಯೋಗವಿಲ್ಲ ಎಂದು ದಶಕಗಳಿಂದ ಕೂಗುತ್ತಿದ್ದವರು ಈಗ ಬಂದ ಕಾರ್ಖಾನೆಗಳನ್ನು ಓಡಿಸುತ್ತಿದ್ದೀರಿ ಎಂಬ ಮಾತೂ ಕೇಳಿಬರುತ್ತದೆ. ಇದರಲ್ಲಿ ಮೊದಲ ಭಾಗ ಸರಿ, ಕೊನೆಯದು ಬರೀ ಬೆದರಿಕೆ. ಮೂಗು ಮುಚ್ಚಿಕೊಂಡು ಬದುಕುವುದು ಉದ್ಯೋಗದ ಶುಲ್ಕವೆಂದು ಯಾವ ಕರಾರಿನಲ್ಲೂ ಇರಲಿಲ್ಲ.

ಮಂಡಳಿಯ ಕಷ್ಟ ಬೇರೆ. ಒಂದು ಕಾರ್ಖಾನೆಯ ಒಂದು ಅಂಶವೇ ದಿನಕ್ಕೆ 96 ಅಂಕಿಗಳನ್ನು ಕಳುಹಿಸುತ್ತದೆ. ಅಷ್ಟನ್ನೂ ಕುಳಿತು ಓದುವವರು ಯಾರು? ಅದಕ್ಕಿಂತ ದೊಡ್ಡದು ಕಾನೂನಿನ ತೊಡಕು. ಎಚ್ಚರಿಕೆಯ ಎಸ್‌ಎಂಎಸ್ ಹೋದರೂ ಮೊಕದ್ದಮೆ ಏಕಿಲ್ಲ ಎಂದು ಜನ ಕೇಳುತ್ತಾರೆ. 1974ರ ಜಲ ಕಾಯ್ದೆಯ 21ನೇ ಕಲಂ ಪ್ರಕಾರ, ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಮಾತ್ರ ಅದರ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗುತ್ತದೆ. ಅದು ಬಾಟಲಿಯ ಕಾಲದ ಕಾನೂನು. ಬೆಳಕಿನ ಸೆನ್ಸರ್ ಹೇಳಿದ್ದು ಆ ಅಳತೆಗೆ ಕೂರುವುದಿಲ್ಲ. ಹಾಗಾಗಿ ಅಂಕಿ ಮಿತಿಯೊಳಗಿದ್ದರೆ ಕಾರ್ಖಾನೆ ಅದನ್ನು ಗುರಾಣಿಯಾಗಿ ಹಿಡಿಯಬಹುದು, ಮಿತಿ ಮೀರಿದರೆ ಮಂಡಳಿ ಅದನ್ನು ಕತ್ತಿಯಾಗಿ ಬಳಸುವುದು ಕಷ್ಟ.

ಮುಂದೆ ಏನಾಗಬಹುದು

ಗಾಳಿಯು ಬೇರೆ ದಿಕ್ಕಿನಿಂದಲೂ ಬೀಸುತ್ತಿದೆ. 2023ರ ಜನ ವಿಶ್ವಾಸ ಕಾಯ್ದೆ ವಾಯು ಕಾಯ್ದೆಯ ಬಹುತೇಕ ಜೈಲು ಶಿಕ್ಷೆಗಳನ್ನು ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಬದಲಾಯಿಸಿತು. ಜಲ ಕಾಯ್ದೆಗೂ 2024ರಲ್ಲಿ ಅಂಥದ್ದೇ ತಿದ್ದುಪಡಿ ಬಂತು, ಅದನ್ನು ರಾಜ್ಯಗಳು ನಿರ್ಣಯದ ಮೂಲಕ ಒಪ್ಪಿಕೊಳ್ಳಬೇಕು. ದೊಡ್ಡ ಘಟಕಕ್ಕೆ 15 ಲಕ್ಷವೆಂದರೆ ಕಲ್ಲಿದ್ದಲಿನ ಕೆಲವು ವಾರಗಳ ಖರ್ಚು. ಬ್ಲೋವರ್ ನಿಲ್ಲಿಸಿ ಉಳಿಸುವ ಹಣ ದಂಡಕ್ಕಿಂತ ಹೆಚ್ಚಾದರೆ ಮ್ಯಾನೇಜರ್ ಯಾವ ಕಡೆ ವಾಲುತ್ತಾನೆ ಎಂಬುದು ನೈತಿಕ ಪ್ರಶ್ನೆಯಲ್ಲ, ಅಂಕಗಣಿತದ ಪ್ರಶ್ನೆ. ಇನ್ನೊಂದೆಡೆ 2025ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್, ಪರಿಸರಕ್ಕಾದ ಹಾನಿಗೆ ಪರಿಹಾರ ವಸೂಲಿ ಮಾಡುವ ಅಧಿಕಾರ ಮಾಲಿನ್ಯ ನಿಯಂತ್ರಣ ಮಂಡಳಿಗಳಿಗೆ ಇದೆ ಎಂದು ಹೇಳಿತು. ಅದಕ್ಕೆ ನಿಯಮಗಳನ್ನು ರೂಪಿಸಬೇಕು ಎಂಬ ಷರತ್ತಿನೊಂದಿಗೆ. ದಂಡಕ್ಕೆ ಮೇಲ್ಮಿತಿ ಇದೆ. ಹಾನಿಯ ಪರಿಹಾರ ಹಾನಿಯಷ್ಟೇ ದೊಡ್ಡದಾಗಬಹುದು. ಕೊಳವೆಬಾವಿಗಳು ಕೆಟ್ಟದ್ದಕ್ಕೆ ದಾಖಲೆ ಇರುವ ಊರಿಗೆ ಇದು ಮುಖ್ಯ.

ಅದೇ ತಿಂಗಳ ಕೊನೆಯಲ್ಲಿ ಕೇಂದ್ರ ಸರ್ಕಾರ ಪರಿಸರ ಲೆಕ್ಕಪರಿಶೋಧನೆಯ ನಿಯಮಗಳನ್ನು ಹೊರಡಿಸಿ, ನೋಂದಾಯಿತ ಖಾಸಗಿ ಲೆಕ್ಕಪರಿಶೋಧಕರಿಗೆ ದಾರಿ ತೆರೆಯಿತು. ಅವರು ಫಲಕದ ಅಂಕಿ ನೋಡಿ ಸಹಿ ಹಾಕಿ ಹೋದರೆ ಇನ್ನೊಂದು ಕಾಗದ ಹೆಚ್ಚಾಯಿತು ಅಷ್ಟೇ. ನೀರು, ಆವಿ, ಕರೆಂಟು, ಉಪ್ಪು ನಾಲ್ಕನ್ನೂ ತಾಳೆ ಹಾಕಿದರೆ ಇಂದಿನ ಯಾವ ಸೆನ್ಸರ್‌ಗೂ ಕಾಣದ್ದು ಅವರಿಗೆ ಕಂಡೀತು.

ಸಾರ್ವಜನಿಕರು ಅದಕ್ಕಾಗಿ ಕಾಯಬೇಕಾಗಿಲ್ಲ. ಪ್ರತಿ ಕಾರ್ಖಾನೆಗೆ ಮಂಡಳಿ ಕೊಟ್ಟ ಸಮ್ಮತಿ ಪತ್ರದ ಷರತ್ತುಗಳ ದಾಖಲೆ ಪುಸ್ತಕವನ್ನು ಆಸಕ್ತರು ನೋಡಬಹುದೆಂದು ಜಲ ಕಾಯ್ದೆಯ 25ನೇ ಕಲಂ ಹೇಳುತ್ತದೆ. ಕಲಬುರಗಿ, ಬೀದರ್, ಯಾದಗಿರಿ ಮೂರರಲ್ಲೂ ಮಂಡಳಿಯ ಪ್ರಾದೇಶಿಕ ಕಚೇರಿಗಳಿವೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಸಿಒಡಿ ಎಷ್ಟಿತ್ತು ಎಂದು ಕೇಳಿದರೆ ಫಲಕದಲ್ಲಿರುವ ಅಂಕಿಯೇ ಅಂಚೆಯಲ್ಲಿ ಬರುತ್ತದೆ. ಕೇಳಬೇಕಾದದ್ದು ಸೆನ್ಸರ್ ಯಾವ ಬಗೆಯದು, ಅದನ್ನು ಕೊನೆಯ ಸಲ ಪ್ರಯೋಗಾಲಯದ ಫಲಿತಾಂಶದೊಡನೆ ಹೋಲಿಸಿದ್ದು ಯಾವಾಗ, ಕಳೆದ 12 ತಿಂಗಳಲ್ಲಿ ನಮೂನೆ 10ರ ಅಡಿ ಎಷ್ಟು ಟನ್ ಉಪ್ಪು ಹೊರಟಿತು ಎಂದು.